ಕಂಪ್ಯೂಟರ್ ಬಂದ ಮೇಲೆ ಸೇವಾ ವಲಯದ ಉತ್ಪಾದಕತೆ ಹೆಚ್ಚಿದೆಯೇ? ಅರ್ಥಶಾಸ್ತ್ರಜ್ಞರ ಲೆಕ್ಕವನ್ನು ಹೇಗೆ ಓದಬೇಕು?

ಪ್ರಶ್ನೆ: ಡೊಂಬಿವಲಿಯ ವಿದ್ಯಾರ್ಥಿ

ಮಾನ್ಯರೇ,

ನಾನು ಮುಂಬಯಿಯಲ್ಲಿ ಅರ್ಥಶಾಸ್ತ್ರದ ಎಂ.ಎ. ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಉಡುಪಿ ಕಡೆಯಿಂದ ಬಂದ ನಮ್ಮ ಕುಟುಂಬ ಡೊಂಬಿವಲಿಯಲ್ಲಿ ಒಂದು ಸಣ್ಣ ಉಪಾಹಾರ ಗೃಹ ನಡೆಸುತ್ತಿದೆ. ಮೂರು ವರ್ಷಗಳ ಹಿಂದೆ ನನ್ನ ಒತ್ತಾಯಕ್ಕೆ ಒಪ್ಪಿ ತಂದೆಯವರು ಬಿಲ್ಲಿಂಗ್ ಯಂತ್ರ, ಸಪ್ಲೈಯರುಗಳ ಕೈಗೆ ಟ್ಯಾಬ್, ಅಡುಗೆಮನೆಗೆ ಕೆಒಟಿ (ಆರ್ಡರಿನ ಚೀಟಿ) ಪ್ರಿಂಟರ್ ಹಾಕಿಸಿದರು. ಅದಕ್ಕೆ ಮೊದಲು ಸಪ್ಲೈಯರುಗಳು ಅಡುಗೆಮನೆಯ ಕಿಂಡಿಯ ಬಳಿ ನಿಂತು ‘ಎರಡು ಮಸಾಲೆ, ಒಂದು ಸೆಟ್’ ಎಂದು ಕೂಗುತ್ತಿದ್ದರು. ಕಾವಲಿಯ ಮುಂದಿದ್ದ ಭಟ್ಟರು ಅದನ್ನು ಕಿವಿಯಲ್ಲೇ ಹಿಡಿದಿಟ್ಟುಕೊಳ್ಳುತ್ತಿದ್ದರು. ಈಗ ಕೂಗಾಟವಿಲ್ಲ, ಬಿಲ್ಲಿನಲ್ಲಿ ತಪ್ಪಿಲ್ಲ, ಜಿಎಸ್‌ಟಿ ಲೆಕ್ಕ ತಾನಾಗಿ ಸಿಗುತ್ತದೆ. ಆದರೆ ಕೆಲಸಗಾರರ ಸಂಖ್ಯೆ ಅಷ್ಟೇ ಇದೆ, ದಿನಕ್ಕೆ ಹೋಗುವ ದೋಸೆಗಳೂ ಹೆಚ್ಚುಕಡಿಮೆ ಅಷ್ಟೇ ಇವೆ. ಕಳೆದ ತಿಂಗಳು ಲೆಕ್ಕಪುಸ್ತಕ ನೋಡುತ್ತ ಕುಳಿತಿದ್ದ ತಂದೆಯವರು ‘ಇಷ್ಟು ದುಡ್ಡು ಹಾಕಿ ನಮಗೆ ಬಂದದ್ದೇನು ಮಗ?’ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಇದೇ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ 1987ರಲ್ಲಿ ಅಮೆರಿಕದ ಇಡೀ ಅರ್ಥವ್ಯವಸ್ಥೆಯ ಬಗ್ಗೆ ಎತ್ತಿದ್ದರೆಂದು ತರಗತಿಯಲ್ಲಿ ಓದಿದ್ದೇನೆ. ಕಂಪ್ಯೂಟರ್ ಯುಗ ಎಲ್ಲೆಲ್ಲೂ ಕಣ್ಣಿಗೆ ಬೀಳುತ್ತಿದೆ, ಉತ್ಪಾದಕತೆಯ ಅಂಕಿಅಂಶಗಳಲ್ಲಿ ಮಾತ್ರ ಕಾಣುತ್ತಿಲ್ಲ ಎಂಬುದು ಅವರ ಮಾತಿನ ಸಾರ. ಆದರೆ ಅದೇ ದೇಶದ ಸೇವಾ ವಲಯವನ್ನು ಅಧ್ಯಯನ ಮಾಡಿದ ಜ್ಯಾಕ್ ಟ್ರಿಪ್ಲೆಟ್ ಮತ್ತು ಬ್ಯಾರಿ ಬಾಸ್ವರ್ತ್, 1995ರ ನಂತರ ಮಾಹಿತಿ ತಂತ್ರಜ್ಞಾನದ ಲಾಭದ ದೊಡ್ಡ ಪಾಲು ಬಂದದ್ದೇ ಸೇವೆಗಳಲ್ಲಿ ಎಂದರು. ಈ ಎರಡೂ ಹೇಗೆ ನಿಜವಾಗಲು ಸಾಧ್ಯ? ನಮ್ಮಂಥ ಅಂಗಡಿ, ಹೋಟೆಲುಗಳಿಗೆ ಈ ಸಂಶೋಧನೆಯಿಂದ ತಿಳಿಯುವುದೇನಾದರೂ ಇದೆಯೇ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ವಿನಂತಿ.

ಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ, ಬೊರಿವಲಿ

ತಮ್ಮಾ, ನಿಮ್ಮ ತಂದೆಯವರ ಪ್ರಶ್ನೆಯನ್ನು ನಾನು ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನ ಒಳಗಿನಿಂದ ಕೇಳಿಸಿಕೊಂಡಿದ್ದೇನೆ. ನಾನು ಕಣ್ಣಾರೆ ಕಂಡದ್ದನ್ನು ಹೇಳಿದರೆ ಸೋಲೋ ಅವರ ಮಾತಿನ ಒಂದು ಭಾಗ ತಿಳಿಯಾಗಬಹುದು.

ನಾನು ಫೋರ್ಟಿನ ಒಂದು ಶಾಖೆಯಲ್ಲಿ ಗುಮಾಸ್ತನಾಗಿ ಸೇರಿದಾಗ, ಗ್ರಾಹಕರೊಬ್ಬರು ತಮ್ಮ ಖಾತೆಯಿಂದ ಐದು ನೂರು ರೂಪಾಯಿ ತೆಗೆಯಬೇಕೆಂದರೆ ಚೆಕ್ಕನ್ನು ಮೊದಲ ಕೌಂಟರಿನಲ್ಲಿ ಕೊಟ್ಟು, ಸಂಖ್ಯೆ ಕೊರೆದ ಹಿತ್ತಾಳೆಯ ಟೋಕನ್ ಪಡೆದು ಬೆಂಚಿನ ಮೇಲೆ ಕುಳಿತುಕೊಳ್ಳಬೇಕಿತ್ತು. ಚೆಕ್ಕು ಲೆಡ್ಜರ್ ಗುಮಾಸ್ತನ ಬಳಿ ಹೋಗುತ್ತಿತ್ತು. ಆತ ಎರಡು ಕೈಗಳಿಂದ ಎತ್ತಬೇಕಾದಷ್ಟು ಭಾರದ ಲೆಡ್ಜರಿನಲ್ಲಿ ಪುಟ ಹುಡುಕಿ ಖಾತೆಗೆ ಖರ್ಚು ಬರೆಯುತ್ತಿದ್ದ. ಅಲ್ಲಿಂದ ಅದು ಅಧಿಕಾರಿಯ ಮೇಜಿಗೆ ಹೋಗಿ, ಅವರು ಸಹಿಯನ್ನು ಮಾದರಿ ಸಹಿಯ ಕಾರ್ಡಿನೊಂದಿಗೆ ಹೋಲಿಸಿ ಪಾಸು ಮಾಡಿದ ಮೇಲೆ ಕ್ಯಾಷಿಯರನ ಕೈ ಸೇರುತ್ತಿತ್ತು. ಆತ ಟೋಕನ್ ಸಂಖ್ಯೆ ಕೂಗಿದಾಗ ಎಷ್ಟೋ ಸಲ ಅರ್ಧ ಗಂಟೆ ಕಳೆದಿರುತ್ತಿತ್ತು.

ಬ್ಯಾಂಕುಗಳ ಆಡಳಿತ ಮಂಡಳಿಗಳಿಗೂ ನೌಕರರ ಸಂಘಗಳಿಗೂ ಯಂತ್ರಗಳ ಬಗ್ಗೆ 1983ರಲ್ಲಿ ಒಪ್ಪಂದವಾಯಿತು; ಮರುವರ್ಷ ಬ್ಯಾಂಕುಗಳ ಯಾಂತ್ರೀಕರಣದ ಬಗ್ಗೆ ಡಾ. ಸಿ. ರಂಗರಾಜನ್ ಸಮಿತಿಯ ವರದಿ ಬಂತು. ಆ ಬಳಿಕ ನಮ್ಮ ಶಾಖೆಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರ ಬಂದಾಗ ಆದದ್ದನ್ನು ಗಮನಿಸಿ. ಲೆಡ್ಜರ್ ಗುಮಾಸ್ತನ ಜಾಗದಲ್ಲಿ ಯಂತ್ರದ ಮುಂದೆ ಒಬ್ಬ ಗುಮಾಸ್ತ ಕುಳಿತ, ಅಷ್ಟೇ. ಟೋಕನ್ ಉಳಿಯಿತು, ಅಧಿಕಾರಿಯ ಮೇಜು ಉಳಿಯಿತು, ಕ್ಯಾಷಿಯರ್ ಪಾವತಿಗಳನ್ನು ಬರೆದಿಡುವ ಸ್ಕ್ರಾಲ್ ಪುಸ್ತಕ ಉಳಿಯಿತು. ಯಂತ್ರದ ಮೇಲೆ ಭರವಸೆ ಮೂಡುವವರೆಗೆ ಲೆಡ್ಜರನ್ನು ಕೈಯಲ್ಲೂ ಬರೆಯಬೇಕೆಂಬ ಆದೇಶವಿದ್ದುದರಿಂದ ಎಷ್ಟೋ ತಿಂಗಳು ಒಂದೇ ಕೆಲಸವನ್ನು ಎರಡೆರಡು ಸಲ ಮಾಡಿದೆವು. ಆ ವರ್ಷಗಳಲ್ಲಿ ಯಾರಾದರೂ ನಮ್ಮ ಶಾಖೆಯ ಉತ್ಪಾದಕತೆಯನ್ನು ಅಳೆದಿದ್ದರೆ ಅದು ಇಳಿದಿದೆ ಎಂದೇ ಬರೆಯಬೇಕಾಗುತ್ತಿತ್ತು, ಮತ್ತು ಆ ಮಾತು ಸುಳ್ಳಾಗುತ್ತಿರಲಿಲ್ಲ.

ಬದಲಾವಣೆ ಬಂದದ್ದು ಬಹಳ ತಡವಾಗಿ. ಒಂದೇ ಕಿಟಕಿಯಲ್ಲಿ ಕುಳಿತವರು ಒಂದು ಮಿತಿಯವರೆಗಿನ ಚೆಕ್ಕನ್ನು ತಾವೇ ಪರದೆಯ ಮೇಲೆ ಸಹಿ ನೋಡಿ, ತಾವೇ ಪಾಸು ಮಾಡಿ, ತಾವೇ ಹಣ ಕೊಡಬಹುದೆಂಬ ವ್ಯವಸ್ಥೆ ಬಂದಾಗ ಟೋಕನ್‌ಗಳು ಡಬ್ಬಿ ಸೇರಿದವು. ಎಲ್ಲ ಶಾಖೆಗಳ ಖಾತೆಗಳನ್ನೂ ಒಂದೇ ಜಾಲಕ್ಕೆ ಸೇರಿಸುವ ಕೋರ್ ಬ್ಯಾಂಕಿಂಗ್ ಬಂದ ಮೇಲೆ ಗ್ರಾಹಕರು ಶಾಖೆಯವರಾಗಿರದೆ ಬ್ಯಾಂಕಿನವರಾದರು. ಮುಂದೆ ಹಣ ವರ್ಗಾವಣೆಗೆ 2004ರಲ್ಲಿ ಆರ್‌ಟಿಜಿಎಸ್, 2005ರಲ್ಲಿ ಎನ್‌ಇಎಫ್‌ಟಿ, 2016ರಲ್ಲಿ ಯುಪಿಐ ಬಂದವು. ಯಂತ್ರ ಬಂದ ದಿನಕ್ಕೂ ಲಾಭ ಕಂಡ ದಿನಕ್ಕೂ ನಡುವೆ ಹೆಚ್ಚುಕಡಿಮೆ ಎರಡು ದಶಕಗಳ ಅಂತರವಿತ್ತು.

ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ 1990ರಲ್ಲಿ ವಿದ್ಯುತ್ತಿನ ಇತಿಹಾಸದಿಂದ ತೋರಿಸಿಕೊಟ್ಟದ್ದೂ ಇದನ್ನೇ. ಎಡಿಸನ್ನರ ವಿದ್ಯುತ್ ಕೇಂದ್ರ ನ್ಯೂಯಾರ್ಕಿನಲ್ಲಿ 1882ರಲ್ಲಿ ಆರಂಭವಾದರೂ ಕಾರ್ಖಾನೆಗಳ ಉತ್ಪಾದಕತೆ ಎದ್ದು ಕಾಣುವಂತೆ ಏರಿದ್ದು 1920ರ ದಶಕದಲ್ಲಿ. ಮೊದಮೊದಲು ಮಾಲೀಕರು ಉಗಿಯಂತ್ರ ತೆಗೆದು ಅದೇ ಜಾಗದಲ್ಲಿ ಒಂದು ದೊಡ್ಡ ಮೋಟಾರು ಇಟ್ಟರು. ಎಲ್ಲ ಯಂತ್ರಗಳನ್ನೂ ತಿರುಗಿಸಲು ಛಾವಣಿಯುದ್ದಕ್ಕೂ ಓಡುತ್ತಿದ್ದ ದಂಡ, ಪಟ್ಟಿಗಳನ್ನು ಹಾಗೆಯೇ ಬಿಟ್ಟರು. ಪ್ರತಿ ಯಂತ್ರಕ್ಕೂ ತನ್ನದೇ ಮೋಟಾರು ಕೊಟ್ಟು, ಕೆಲಸ ಹರಿಯುವ ಕ್ರಮಕ್ಕೆ ತಕ್ಕಂತೆ ಕಟ್ಟಡವನ್ನೇ ಹೊಸದಾಗಿ ಕಟ್ಟಿದ ಮೇಲಷ್ಟೇ ಫಲ ಸಿಕ್ಕಿತು. ಅದನ್ನು ಓದಿದಾಗ ನನಗೆ ನಮ್ಮ ಶಾಖೆಯ ಹಿತ್ತಾಳೆ ಟೋಕನ್ ನೆನಪಾಯಿತು.

ಉತ್ತರ: ಅರ್ಥಶಾಸ್ತ್ರ ಬೋಧಕ, ಪುಣೆ

ಹಿರಿಯರು ಹೇಳಿದ್ದು ಕೆಲಸದ ಕ್ರಮದ ವಿಷಯ. ನಾನು ಅಳತೆಯ ವಿಷಯವನ್ನು ಸೇರಿಸುತ್ತೇನೆ, ಏಕೆಂದರೆ ಟ್ರಿಪ್ಲೆಟ್ ಮತ್ತು ಬಾಸ್ವರ್ತ್ ಅವರ ಸಂಶೋಧನೆಯ ಹೆಚ್ಚಿನ ಶ್ರಮ ಹೋದದ್ದು ಅಲ್ಲಿಗೆ.

ಉತ್ಪಾದಕತೆ ಎಂದರೆ ಒಂದು ಗಂಟೆಯ ದುಡಿಮೆಗೆ ಎಷ್ಟು ಉತ್ಪನ್ನ ಬಂತು ಎಂಬ ಲೆಕ್ಕ. ಸಿಮೆಂಟಾದರೆ ಚೀಲ ಎಣಿಸಬಹುದು. ಬ್ಯಾಂಕಿನ ಉತ್ಪನ್ನ ಯಾವುದು? ಚೆಕ್ಕುಗಳ ಸಂಖ್ಯೆಯೇ, ಠೇವಣಿಯ ಮೊತ್ತವೇ, ಬಡ್ಡಿಯ ಅಂತರವೇ? ಗ್ರಾಹಕರು ಬೆಂಚಿನ ಮೇಲೆ ಕಾಯುತ್ತಿದ್ದ ಅರ್ಧ ಗಂಟೆ ಬ್ಯಾಂಕಿನ ಯಾವ ಪುಸ್ತಕದಲ್ಲೂ ಖರ್ಚಾಗಿ ಬರೆದಿರಲಿಲ್ಲ. ಆದ್ದರಿಂದ ಅದು ಉಳಿದಾಗ ಯಾವ ಪುಸ್ತಕದಲ್ಲೂ ಲಾಭವಾಗಿ ಕಾಣಲಿಲ್ಲ. ಜ್ವಿ ಗ್ರಿಲಿಕಸ್ 1994ರಲ್ಲಿ ಅಮೆರಿಕದ ಅರ್ಥಶಾಸ್ತ್ರ ಸಂಘದ ಅಧ್ಯಕ್ಷ ಭಾಷಣದಲ್ಲಿ ಇದನ್ನೇ ಎತ್ತಿ ಹೇಳಿದರು. ಕಂಪ್ಯೂಟರುಗಳ ಮೇಲಿನ ಹೂಡಿಕೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಹೋಗಿದ್ದು ಉತ್ಪನ್ನವನ್ನು ಸರಿಯಾಗಿ ಅಳೆಯಲು ಬಾರದ ವಲಯಗಳಿಗೆ: ವ್ಯಾಪಾರ, ಹಣಕಾಸು ಮತ್ತಿತರ ಸೇವೆಗಳಿಗೆ. ಅಲ್ಲಿ ಫಲ ಕಾಣದಿರುವುದಕ್ಕೆ ಫಲವೇ ಇಲ್ಲದಿರುವುದು ಒಂದೇ ಕಾರಣವಾಗಬೇಕಿಲ್ಲ ಎಂಬುದು ಅವರ ವಾದ.

ಇನ್ನೊಂದು ಹಳೆಯ ನಂಬಿಕೆಯೂ ಇತ್ತು. ವಿಲಿಯಂ ಬೌಮಾಲ್ 1960ರ ದಶಕದಲ್ಲಿ, ಸೇವೆಗಳ ಸ್ವಭಾವವೇ ಉತ್ಪಾದಕತೆ ಏರಲು ಬಿಡುವುದಿಲ್ಲ ಎಂದು ವಾದಿಸಿದರು. ಸಂಗೀತ, ರಂಗಭೂಮಿಗಳನ್ನು ಉದಾಹರಣೆಯಾಗಿ ಕೊಟ್ಟರು. ನಮಗೆ ತಾಳಮದ್ದಲೆಯನ್ನು ನೆನೆದರೆ ಸಾಕು. ಒಂದು ಪ್ರಸಂಗಕ್ಕೆ ಅಜ್ಜನ ಕಾಲದಲ್ಲಿ ಎಷ್ಟು ಅರ್ಥಧಾರಿಗಳು, ಎಷ್ಟು ಹೊತ್ತು ಬೇಕಿತ್ತೋ ಇಂದೂ ಅಷ್ಟೇ ಬೇಕು. ಆದರೆ ಅವರೂ ಇಂದಿನ ಬೆಲೆಗಳಲ್ಲಿ ಬದುಕಬೇಕಾದುದರಿಂದ ಸಂಭಾವನೆ ಏರಲೇಬೇಕು. ಹೀಗೆ ಸೇವೆಗಳ ವೆಚ್ಚ ಏರುತ್ತಲೇ ಹೋಗುತ್ತದೆ ಎಂಬುದು ಬೌಮಾಲರ ಸಿದ್ಧಾಂತ. ಇದು ಕಲೆಗೆ, ಪಾಠಕ್ಕೆ, ರೋಗಿಯ ಶುಶ್ರೂಷೆಗೆ ಇಂದಿಗೂ ಹೊಂದುತ್ತದೆಂದು ನಾನು ನಂಬುತ್ತೇನೆ. ಸಗಟು ವ್ಯಾಪಾರ, ಚಿಲ್ಲರೆ ಮಾರಾಟ, ಷೇರು ದಲ್ಲಾಳಿ ವ್ಯವಹಾರ, ದೂರಸಂಪರ್ಕಗಳಿಗೆ ಹೊಂದುವುದಿಲ್ಲ.

ಟ್ರಿಪ್ಲೆಟ್ ಮತ್ತು ಬಾಸ್ವರ್ತ್ ಅಮೆರಿಕದ ಸೇವಾ ಉದ್ಯಮಗಳನ್ನು ಒಟ್ಟಾಗಿ ನೋಡದೆ ಒಂದೊಂದನ್ನೇ ಬಿಡಿಸಿ ನೋಡಿದರು, ಮತ್ತು ಅಂಕಿಅಂಶ ಸಂಸ್ಥೆಗಳವರನ್ನೇ ಎದುರಿಗೆ ಕೂರಿಸಿಕೊಂಡು ಪ್ರತಿ ಸೇವೆಯ ಉತ್ಪನ್ನವನ್ನು ಹೇಗೆ ಅಳೆಯಬೇಕೆಂದು ವರ್ಷಗಟ್ಟಲೆ ಚರ್ಚಿಸಿದರು. 1995ರ ನಂತರ ಸೇವೆಗಳ ಶ್ರಮ ಉತ್ಪಾದಕತೆ ವರ್ಷಕ್ಕೆ ಸುಮಾರು ಶೇ. 2.6ರಂತೆ ಏರಿ ಸರಕು ಉತ್ಪಾದನೆಗೆ ಸರಿಸಮನಾಗಿ ನಿಂತಿತು ಎಂದು ಅವರ ಲೆಕ್ಕ ಹೇಳಿತು. ಆ ಅವಧಿಯಲ್ಲಿ ಶ್ರಮ ಉತ್ಪಾದಕತೆಯ ಏರಿಕೆಗೆ ಮಾಹಿತಿ ತಂತ್ರಜ್ಞಾನದ ಬಂಡವಾಳ ಕೊಟ್ಟ ಒಟ್ಟು ಕೊಡುಗೆಯ ಸುಮಾರು ಶೇ. 80 ಭಾಗ ಸೇವಾ ಉದ್ಯಮಗಳಲ್ಲೇ ಆಗಿತ್ತು. ಹಾಗೆಂದು ಎಲ್ಲ ಸೇವೆಗಳೂ ಮುಂದೆ ಹೋಗಲಿಲ್ಲ. ಶಿಕ್ಷಣದಂಥವುಗಳಲ್ಲಿ ಉತ್ಪಾದಕತೆ ಇಳಿದಂತೆಯೇ ಕಂಡಿತು.

ಆದ್ದರಿಂದ ಸೋಲೋ ಒಂದು ಕಡೆ, ಇವರಿಬ್ಬರು ಇನ್ನೊಂದು ಕಡೆ ಎಂದು ನಿಲ್ಲಿಸಬೇಕಿಲ್ಲ. 1973ರಿಂದ 1995ರವರೆಗೆ ಅಮೆರಿಕದ ಶ್ರಮ ಉತ್ಪಾದಕತೆ ವರ್ಷಕ್ಕೆ ಸುಮಾರು ಶೇ. 1.5ರಷ್ಟು ಮಾತ್ರ ಏರುತ್ತಿತ್ತು. ಸೋಲೋ ಮಾತನಾಡಿದ್ದು ಆ ಅವಧಿಯ ನಡುವೆ. ನಂತರದ ಸುಮಾರು ಹತ್ತು ವರ್ಷ ಏರಿಕೆ ಶೇ. 2.5ನ್ನು ದಾಟಿತು, ಆಮೇಲೆ ಮತ್ತೆ ಕುಗ್ಗಿತು. ಈ ಕುಗ್ಗುವಿಕೆಯನ್ನು ಹೇಳದೆ ಮೊದಲ ಎರಡನ್ನಷ್ಟೇ ಹೇಳುವ ಉಪನ್ಯಾಸಗಳು ವಿದ್ಯಾರ್ಥಿಗಳಿಗೆ ಅರ್ಧ ಕಥೆಯನ್ನಷ್ಟೇ ಕೊಡುತ್ತವೆ.

ಭಾರತದ ಲೆಕ್ಕ ಓದುವಾಗ ಇನ್ನೂ ಎಚ್ಚರ ಬೇಕು. ನಮ್ಮಲ್ಲಿ ರಾಷ್ಟ್ರೀಯ ಆದಾಯದ ಅರ್ಧಕ್ಕಿಂತ ಹೆಚ್ಚು ಸೇವೆಗಳಿಂದ ಬರುತ್ತದೆ, ಆದರೆ ತನ್ನದೇ ಬೆಲೆ ಸೂಚ್ಯಂಕವಿಲ್ಲದ ಸೇವೆಗಳ ವಹಿವಾಟನ್ನು ಸಗಟು ಅಥವಾ ಗ್ರಾಹಕ ಬೆಲೆ ಸೂಚ್ಯಂಕದಿಂದ ಭಾಗಿಸಿ ನೈಜ ಬೆಳವಣಿಗೆ ಎಂದು ಬರೆಯುವುದು ರೂಢಿ. ಸೇವೆಯ ಬೆಲೆ ನಿಜವಾಗಿ ಆ ಸೂಚ್ಯಂಕಕ್ಕಿಂತ ಹೆಚ್ಚು ಏರಿದ್ದರೆ, ಆ ಹೆಚ್ಚಳ ಉತ್ಪಾದಕತೆಯ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಬಾಸ್ವರ್ತ್ ಅವರೇ ಸುಸಾನ್ ಕಾಲಿನ್ಸ್ ಮತ್ತು ಅರವಿಂದ ವಿರ್ಮಾನಿ ಅವರೊಡನೆ 2007ರಲ್ಲಿ ಭಾರತದ ಬೆಳವಣಿಗೆಯ ಕುರಿತು ಬರೆದಾಗ ಈ ಅನುಮಾನವನ್ನು ಮುಂದಿಟ್ಟಿದ್ದರು. ನಿಮ್ಮ ಹೋಟೆಲನ್ನೇ ನೋಡಿ. ಮಸಾಲೆ ದೋಸೆಯ ಬೆಲೆ 60ರಿಂದ 90 ರೂಪಾಯಿ ಆಯಿತು ಎನ್ನೋಣ. ನಡುವೆ ನೀವು ಹವಾನಿಯಂತ್ರಿತ ಕೋಣೆ ಕಟ್ಟಿಸಿದ್ದರೆ ಆ 30 ರೂಪಾಯಿಯಲ್ಲಿ ಎಷ್ಟು ಬೆಲೆಯೇರಿಕೆ, ಎಷ್ಟು ಹೆಚ್ಚಿನ ಸೇವೆ? ದೋಸೆ ಎಣಿಸುವವರಿಗೆ ಅದು ಕಾಣುವುದಿಲ್ಲ.

ಉತ್ತರ: ಲಾರಿ ಸಾಗಣೆದಾರ, ವಾಸ್ಕೋ

ನಾನು ಅರ್ಥಶಾಸ್ತ್ರ ಓದಿದವನಲ್ಲ. ಗೋವಾದಿಂದ ಹುಬ್ಬಳ್ಳಿ, ಬೆಳಗಾವಿ ಕಡೆಗೆ ಸರಕು ಸಾಗಿಸುವ ವ್ಯವಹಾರ ನನ್ನದು. ಆದರೆ ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ಥಾಮಸ್ ಹಬಾರ್ಡ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಲಾರಿಗಳ ಬಗ್ಗೆ 2003ರಲ್ಲಿ ಪ್ರಕಟಿಸಿದ ಸಂಶೋಧನೆ. ಮಗಳು ಅದನ್ನು ಕನ್ನಡದಲ್ಲಿ ವಿವರಿಸಿ ಹೇಳಿದಳು.

ಅವರು ಲಾರಿಯೊಳಗಿನ ಕಂಪ್ಯೂಟರುಗಳನ್ನು ಎರಡು ಬಗೆಯಾಗಿ ನೋಡುತ್ತಾರೆ. ಒಂದು ಬಗೆ, ಚಾಲಕ ಎಷ್ಟು ವೇಗದಲ್ಲಿ ಓಡಿಸಿದ, ಎಲ್ಲಿ ಎಷ್ಟು ಹೊತ್ತು ನಿಲ್ಲಿಸಿದ ಎಂದು ಬರೆದಿಟ್ಟುಕೊಂಡು ಪ್ರಯಾಣ ಮುಗಿದ ಮೇಲೆ ತೋರಿಸುವಂಥದು. ಇನ್ನೊಂದು ಬಗೆ, ಲಾರಿ ಈಗ ಎಲ್ಲಿದೆ ಎಂದು ಕಚೇರಿಗೆ ಆ ಕ್ಷಣದಲ್ಲೇ ತಿಳಿಸಿ, ಕಚೇರಿಯಿಂದ ಚಾಲಕನಿಗೆ ಸಂದೇಶ ಕಳಿಸಲು ಆಗುವಂಥದು. ಲಾರಿಯ ಬಳಕೆಯನ್ನು ಹೆಚ್ಚಿಸಿದ್ದು ಎರಡನೆಯದು. ಅದನ್ನು ಹಾಕಿಸಿದ ಲಾರಿಗಳಲ್ಲಿ ಸುಮಾರು ಶೇ. 13ರಷ್ಟು, ಇಡೀ ಉದ್ಯಮದ ಮಟ್ಟದಲ್ಲಿ 1997ರ ಹೊತ್ತಿಗೆ ಸುಮಾರು ಶೇ. 3ರಷ್ಟು ಹೆಚ್ಚಳ ಕಂಡಿತು. ಕಾರಣ, ಖಾಲಿ ಓಡುವುದು ತಪ್ಪಿತು.

ಇದು ನನಗೆ ನೇರವಾಗಿ ಮುಟ್ಟಿತು. ನಾನು ಮೊದಲು ಜಿಪಿಎಸ್ ಹಾಕಿಸಿದ್ದು ಡೀಸೆಲ್ ಕಳವಾಗುತ್ತದೆಂಬ ಅನುಮಾನದಿಂದ. ಸಂಜೆ ಕುಳಿತು ಯಾವ ಲಾರಿ ಎಲ್ಲಿ ನಿಂತಿತ್ತೆಂದು ನೋಡುತ್ತಿದ್ದೆ, ಚಾಲಕರನ್ನು ಪ್ರಶ್ನಿಸುತ್ತಿದ್ದೆ. ಅದರಿಂದ ಮನಸ್ತಾಪ ಬೆಳೆಯಿತೇ ಹೊರತು ಆದಾಯ ಬೆಳೆಯಲಿಲ್ಲ. ಲಾರಿ ಅನ್ಮೋಡ ಘಾಟು ಹತ್ತಿ ಹುಬ್ಬಳ್ಳಿಯಲ್ಲಿ ಸರಕು ಇಳಿಸಿ ಎಂದಿನಂತೆ ಖಾಲಿಯಾಗಿಯೇ ಮರಳುತ್ತಿತ್ತು. ಅದೇ ಮಾಹಿತಿಯನ್ನು ಹುಬ್ಬಳ್ಳಿಯ ಇಬ್ಬರು ಬುಕಿಂಗ್ ಏಜೆಂಟರಿಗೆ ಬೆಳಿಗ್ಗೆಯೇ ಕಳಿಸಲು ಆರಂಭಿಸಿದ ಮೇಲೆ ರಿಟರ್ನ್ ಲೋಡ್ ಸಿಗತೊಡಗಿತು. ಉಪಕರಣ ಅದೇ, ತಿಂಗಳ ಬಾಡಿಗೆಯೂ ಅದೇ.

ಕೇರಳದ ಮೀನುಗಾರರ ಬಗ್ಗೆ ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ಓದಿರಿ. 1997ರಿಂದ 2001ರ ನಡುವೆ ಮೊಬೈಲ್ ಬಂದಾಗ, ದೋಣಿಯಲ್ಲಿರುವಾಗಲೇ ಯಾವ ದಕ್ಕೆಯಲ್ಲಿ ಕೊಳ್ಳುವವರಿದ್ದಾರೆಂದು ತಿಳಿದು ಅಲ್ಲಿಗೆ ಹೋಗಲು ಸಾಧ್ಯವಾಯಿತು. ಕೊಳ್ಳುವವರಿಲ್ಲದೆ ಮೀನು ಎಸೆಯುವುದು ನಿಂತಿತು. ಮೀನುಗಾರರ ಲಾಭ ಸುಮಾರು ಶೇ. 8 ಏರಿ, ಗ್ರಾಹಕರಿಗೆ ಬೆಲೆ ಸುಮಾರು ಶೇ. 4 ಇಳಿಯಿತು.

ಉತ್ತರ: ಕಾರ್ಮಿಕ ಸಂಘಟನೆಯ ಹಳೆಯ ಕಾರ್ಯಕರ್ತೆ, ಪರೇಲ್

ಇಲ್ಲಿಯವರೆಗೆ ಯಾರೂ ಎತ್ತದ ಒಂದು ವಿಷಯವಿದೆ. ಗಂಟೆಗೆ ಉತ್ಪನ್ನ ಹೆಚ್ಚಿತು ಎಂದರೆ, ಆ ಗಂಟೆಗಳನ್ನು ದುಡಿಯುತ್ತಿದ್ದವರ ಗತಿ ಏನಾಯಿತು ಎಂಬುದನ್ನೂ ಕೇಳಬೇಕು. ಗಿರಣಿಗಳು ಮುಚ್ಚಿದ ಬೀದಿಗಳಲ್ಲಿ ಬದುಕಿದವಳು ನಾನು. ಈ ಪ್ರಶ್ನೆಯನ್ನು ಬದಿಗಿಡಲು ನನ್ನಿಂದಾಗದು.

ಆದರೂ ಪ್ರಾಮಾಣಿಕವಾಗಿ ಹೇಳಬೇಕಾದ್ದನ್ನು ಹೇಳುತ್ತೇನೆ. ಎಟಿಎಂ ಬಂದರೆ ಕ್ಯಾಷಿಯರುಗಳಿಗೆ ಕೆಲಸವಿರುವುದಿಲ್ಲ ಎಂದು ನಾವೆಲ್ಲ ಭಯಪಟ್ಟಿದ್ದೆವು. ಜೇಮ್ಸ್ ಬೆಸೆನ್ ಅವರ ಅಧ್ಯಯನದ ಪ್ರಕಾರ ಅಮೆರಿಕದ ನಗರ ಶಾಖೆಯೊಂದರಲ್ಲಿ 1988ರಲ್ಲಿ ಸುಮಾರು 20 ಕ್ಯಾಷಿಯರುಗಳಿದ್ದರೆ 2004ರಲ್ಲಿ ಸುಮಾರು 13 ಮಂದಿ ಉಳಿದರು. ಆದರೆ ಶಾಖೆ ನಡೆಸುವ ವೆಚ್ಚ ಇಳಿದುದರಿಂದ ನಗರ ಶಾಖೆಗಳ ಸಂಖ್ಯೆಯೇ ಶೇ. 43ರಷ್ಟು ಏರಿ, ಒಟ್ಟು ಕೆಲಸಗಳು ಆಗ ಕಡಿಮೆಯಾಗಲಿಲ್ಲ. ಕೆಲಸದ ಸ್ವರೂಪ ಮಾತ್ರ ನೋಟು ಎಣಿಸುವುದರಿಂದ ಗ್ರಾಹಕರೊಡನೆ ಮಾತನಾಡುವುದಕ್ಕೆ ತಿರುಗಿತು. ಅದು ಬೆಳೆಯುತ್ತಿದ್ದ ಮಾರುಕಟ್ಟೆಯ ಮಾತು. ಎಲ್ಲ ಕಾಲಕ್ಕೂ ಎಲ್ಲ ಉದ್ಯಮಕ್ಕೂ ಹಾಗಾಗುತ್ತದೆಂದು ಅದರಿಂದ ಹೇಳಲು ಬರುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಹೋಟೆಲಿನಲ್ಲಿ ಕೆಲಸಗಾರರ ಸಂಖ್ಯೆ ಕಡಿಮೆಯಾಗದಿರುವುದನ್ನು ಸೋಲೆಂದು ಬರೆಯಬೇಡಿ. ಟ್ಯಾಬ್ ಬಂದ ಮೇಲೆ ಸಪ್ಲೈಯರುಗಳ ಓಡಾಟ ಕಡಿಮೆಯಾಯಿತೇ, ರಾತ್ರಿ ಅವರು ಎಷ್ಟು ಹೊತ್ತಿಗೆ ಮಲಗುತ್ತಾರೆ ಎಂಬುದನ್ನೂ ಒಮ್ಮೆ ಕೇಳಿ ನೋಡಿ.

ಪ್ರಶ್ನೆ ಕೇಳಿದವರ ಮರುಬರಹ: ಡೊಂಬಿವಲಿಯ ವಿದ್ಯಾರ್ಥಿ

ಎಲ್ಲರಿಗೂ ಕೃತಜ್ಞತೆಗಳು. ಬ್ಯಾಂಕಿನ ಟೋಕನ್ನಿನ ಕಥೆಯನ್ನು ತಂದೆಯವರಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ನಮ್ಮಲ್ಲಿ ಟೋಕನ್ ಯಾವುದು, ನೋಡೋಣ’ ಎಂದರು.

ಕಳೆದ ಎರಡು ಭಾನುವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲೇ ನಿಂತು ನೋಡಿದೆ. ಪ್ರಿಂಟರ್ ಇರುವುದು ಬಾಗಿಲ ಬಳಿ. ಇಡ್ಲಿ, ವಡೆ, ದೋಸೆ, ಕಾಫಿ ಎಲ್ಲವೂ ಒಂದೇ ಚೀಟಿಯಲ್ಲಿ ಬರುತ್ತವೆ. ಒಬ್ಬ ಹುಡುಗ ಚೀಟಿ ಹರಿದು, ಕಾವಲಿಯ ಬಳಿ ಹೋಗಿ, ಮೊದಲಿನಂತೆಯೇ ‘ಎರಡು ಮಸಾಲೆ’ ಎಂದು ಭಟ್ಟರಿಗೆ ಓದಿ ಹೇಳುತ್ತಾನೆ! ಕೂಗು ಹೊರಗಿನ ಕಿಂಡಿಯಿಂದ ಒಳಗೆ ಬಂದಿದೆ, ಅಷ್ಟೇ. ಕಾವಲಿಯ ಪಕ್ಕದಲ್ಲೇ ಇನ್ನೊಂದು ಪ್ರಿಂಟರ್ ಇಟ್ಟು ದೋಸೆಯ ಚೀಟಿಗಳು ಮಾತ್ರ ಅಲ್ಲಿ ಬರುವಂತೆ ಮಾಡಲು ತಂದೆಯವರು ಒಪ್ಪಿದ್ದಾರೆ. ಪರೇಲಿನ ಅಮ್ಮನವರು ಹೇಳಿದಂತೆ ಸಪ್ಲೈಯರುಗಳನ್ನು ಕೇಳಿದೆ. ಓಡಾಟ ಕಡಿಮೆಯಾಗಿದೆ ಎಂದರು. ಆದರೆ ರಾತ್ರಿ ಸ್ಟಾಕ್ ನಮೂದಿಸುವ ಹೊಸ ಕೆಲಸ ಸೇರಿಕೊಂಡು ಮಲಗುವುದು ತಡವಾಗುತ್ತಿದೆ ಎಂದೂ ಹೇಳಿದರು. ಇದು ನಮ್ಮ ಗಮನಕ್ಕೇ ಬಂದಿರಲಿಲ್ಲ.

ಈ ಬದಲಾವಣೆಯ ಮೊದಲೂ ನಂತರವೂ ಅಳೆದು ಅದನ್ನೇ ನನ್ನ ಕಿರುಪ್ರಬಂಧವನ್ನಾಗಿ ಮಾಡಬೇಕೆಂದಿದ್ದೇನೆ. ಸರ್, ಏನೇನನ್ನು ಬರೆದಿಟ್ಟುಕೊಳ್ಳಬೇಕೆಂದು ತಿಳಿಸುವಿರಾ?

ಉತ್ತರ: ಅರ್ಥಶಾಸ್ತ್ರ ಬೋಧಕ, ಪುಣೆ

ಒಳ್ಳೆಯ ಆರಂಭ. ಯಂತ್ರದಲ್ಲಿ ಆರ್ಡರ್ ನಮೂದಾದ ಸಮಯ, ಬಿಲ್ ಆದ ಸಮಯ ಎರಡೂ ಇರುತ್ತವೆ. ತಿಂಡಿ ಮೇಜಿಗೆ ಬಂದ ಸಮಯ ಇರುವುದಿಲ್ಲ. ಅದನ್ನು ನೀವೇ ಗಡಿಯಾರ ನೋಡಿ ಬರೆಯಬೇಕು, ಏಕೆಂದರೆ ಗ್ರಾಹಕರು ಕಾಯುವ ಹೊತ್ತು ಅದೇ. ಹೊಸ ಪ್ರಿಂಟರ್ ಬರುವ ಮೊದಲು ಕನಿಷ್ಠ ನಾಲ್ಕು ಭಾನುವಾರ ಬರೆಯಿರಿ, ಬಂದ ಮೇಲೂ ಮೊದಲ ಎರಡು ವಾರ ಬಿಟ್ಟು ಆಮೇಲೆ ಬರೆಯಿರಿ. ಕೈ ಹೊಂದಿಕೊಳ್ಳುವ ದಿನಗಳನ್ನು ಫಲವೆಂದು ಎಣಿಸಬಾರದು. ವಹಿವಾಟನ್ನು ರೂಪಾಯಿಯಲ್ಲಿ ಬರೆಯುವುದರ ಜೊತೆಗೆ ಪ್ರತಿ ತಿಂಡಿಯ ಸಂಖ್ಯೆಯನ್ನೂ ಬರೆದರೆ ಬೆಲೆಯೇರಿಕೆಯನ್ನು ಬೇರ್ಪಡಿಸಬಹುದು. ತುಂಬಿದ ಹೋಟೆಲನ್ನು ನೋಡಿ ಬಾಗಿಲಿನಿಂದಲೇ ಮರಳುವವರನ್ನೂ ಎಣಿಸಿ.

ದುಡಿಮೆಯ ಗಂಟೆಗಳಲ್ಲಿ ಸಂಬಳದವರನ್ನು ಮಾತ್ರ ಸೇರಿಸಿದರೆ ಲೆಕ್ಕ ತಪ್ಪುತ್ತದೆ. ಕುಟುಂಬ ನಡೆಸುವ ಉದ್ಯಮಗಳ ಅಧ್ಯಯನಗಳಲ್ಲಿ ಪದೇ ಪದೇ ತಪ್ಪುವುದು ಇಲ್ಲಿಯೇ. ರಾತ್ರಿ ಸ್ಟಾಕ್ ನಮೂದಿಸುವ ಹೊತ್ತು, ಬೆಳಿಗ್ಗೆ ಬಾಗಿಲು ತೆರೆದಾಗಿನಿಂದ ಗಲ್ಲಾದಲ್ಲಿ ಕೂರುವ ನಿಮ್ಮ ತಂದೆಯವರ ಗಂಟೆಗಳು, ಮನೆಯವರು ಯಾರಾದರೂ ಚಟ್ನಿ, ಸಾಂಬಾರಿನ ಪುಡಿಗಳಿಗೆ ಕೈಹಾಕುತ್ತಿದ್ದರೆ ಆ ಗಂಟೆಗಳು, ಭಾನುವಾರಗಳಂದು ನೀವು ನಿಂತು ದುಡಿದ ಹೊತ್ತು, ಇವೆಲ್ಲಕ್ಕೂ ಒಂದೊಂದು ಅಂಕಣ ಹಾಕಿಕೊಳ್ಳಿ. ಮೊದಲ ನಾಲ್ಕು ವಾರಗಳ ಪಟ್ಟಿ ಸಿದ್ಧವಾದ ಮೇಲೆ ಇಲ್ಲಿಯೇ ಹಾಕಿ, ನೋಡಿ ಹೇಳುತ್ತೇನೆ.